ಅವಳ ಹೆಸರಿಗೆ ಬಂದ ಋಣ

ಶ್ರಾವಣ ಬಂತೆಂದರೆ ನಮ್ಮ ನವಲಗುಂದ ಸೀಮೆಯ ಎರೆಮಣ್ಣು ನಡೆಯುವವರ ಹಿಮ್ಮಡಿಯನ್ನು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಹೊಲದ ಕೆಲಸ ನಿಂತಿರುವ ಅಂಥ ದಿನಗಳಲ್ಲಿ ಊರಿನ ಗುಡಿಯಲ್ಲಿ ತಿಂಗಳುದ್ದಕ್ಕೂ ಪುರಾಣ ನಡೆಯುತ್ತದೆ. ಪಾಠಶಾಲೆಯಲ್ಲಿ ಗುರುಗಳ ಪಾದದ ಬಳಿ ಕುಳಿತು ಕಲಿತ ಅಲ್ಪ ವಿದ್ಯೆಯ ಬಲದಿಂದ ಆ ಪುರಾಣವನ್ನು ಹೇಳುವ ಭಾಗ್ಯ ಬಹಳ ವರ್ಷಗಳಿಂದ ನನ್ನ ಪಾಲಿಗೆ ಒದಗಿದೆ. ಹಾಗೆ ನಾನು ಗುಡಿಯಲ್ಲಿದ್ದ ಒಂದು ಮುಂಜಾನೆ ನನ್ನ ಹೆಂಡತಿಯ ಫೋನಿಗೆ ಒಂದು ಕರೆ ಬಂದಿತು.

ಮಾತನಾಡಿದವನು ದೂರದ ಒಂದು ಕ್ಷೇತ್ರದ ಹೆಸರು ಹೇಳಿದನಂತೆ. ಹಿಂದೆ ಘಂಟಾನಾದ ಕೇಳಿಸುತ್ತಿತ್ತಂತೆ. ಶ್ರಾವಣದ ವಿಶೇಷ ಸೇವೆಗೆ ಕೆಲವು ಭಕ್ತರನ್ನು ಆಯ್ದಿದ್ದೇವೆ, ಹಣವೇನೂ ಕೊಡಬೇಕಾಗಿಲ್ಲ, ಸಂಕಲ್ಪಕ್ಕೆ ವಿವರ ಕೊಟ್ಟರೆ ಸಾಕು, ಪ್ರಸಾದ ಅಂಚೆಯಲ್ಲಿ ಮನೆಗೇ ಬರುತ್ತದೆ ಎಂದನಂತೆ. ಸಂಕಲ್ಪವೆಂದರೆ ಪೂಜೆಗೆ ಮೊದಲು ಇಂಥ ಗೋತ್ರದ, ಇಂಥ ನಕ್ಷತ್ರದಲ್ಲಿ ಹುಟ್ಟಿದ, ಇಂಥ ಹೆಸರಿನ ನಾನು ಮಾಡುತ್ತಿದ್ದೇನೆ ಎಂದು ದೇವರೆದುರು ನಿವೇದಿಸಿಕೊಳ್ಳುವುದು. ಅಲ್ಲಿ ಮುಚ್ಚುಮರೆ ಸಲ್ಲದು. ಚಿಕ್ಕಂದಿನಿಂದ ಗುಡಿಯ ಕಟ್ಟೆಯಲ್ಲಿ ನಿಂತು ಕೇಳಿದ್ದಕ್ಕೆಲ್ಲ ತಡವರಿಸದೆ ಉತ್ತರ ಕೊಟ್ಟು ರೂಢಿಯಾದವಳು ಅವಳು. ಹೆಸರು ಹೇಳಿದಳು, ಗೋತ್ರ ಹೇಳಿದಳು, ನಕ್ಷತ್ರ ಹೇಳಿದಳು, ಹುಟ್ಟಿದ ದಿನವನ್ನೂ ಹೇಳಿದಳು.

"ಯಜಮಾನರ ಹೆಸರು ಅಮ್ಮಾ?" ಎಂದು ಅವನು ಕೇಳಿದಾಗ ಮಾತ್ರ ಸುಮ್ಮನಾದಳು.

ನಮ್ಮ ಕಡೆಯ ಹಳೆಯ ಮನೆತನಗಳಲ್ಲಿ ಹೆಂಡತಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹಿರಿಯರು ಹೆದರಿಸಿದ್ದಾರೆ. ನನ್ನ ಓದು ಈ ಮಾತಿಗೆ ಎಲ್ಲಿಯೂ ಆಧಾರ ತೋರಿಸಿಲ್ಲ. ಅದನ್ನು ಅವಳಿಗೆ ಹೇಳಿದ್ದೇನೆ ಕೂಡ. "ಆಧಾರ ಇರ್ಲಿ ಬಿಡ್ಲಿ, ಆಯುಷ್ಯ ನಿಮ್ಮದದ" ಎಂದು ನಕ್ಕು ತನ್ನ ದಾರಿ ಹಿಡಿದವಳು ಅವಳು. ನಮ್ಮ ದಾಂಪತ್ಯದಲ್ಲಿ ನಾನು 'ಇವರು', 'ಅವರು', 'ಏನ್ರಿ', ಸಿಟ್ಟು ಬಂದಾಗ 'ಮನ್ಯಾಗಿನ ಪಂಡಿತರು'. ಹೆಸರಾಗಿ ಅವಳ ನಾಲಿಗೆಯ ಮೇಲೆ ನಾನು ಸಾಮಾನ್ಯವಾಗಿ ಬರುವುದಿಲ್ಲ.

"ಅವರ ಹೆಸರು ನಾ ಹೇಳಂಗಿಲ್ರಿ. ನೀವು ಆಮ್ಯಾಲೆ ಫೋನ್ ಮಾಡ್ರಿ, ಅವರs ಹೇಳ್ತಾರ" ಎಂದಳಂತೆ.

ಅವನು ಎಂಥ ಜಾಣ! ಒಂದಿಷ್ಟೂ ಅವಸರಪಡಲಿಲ್ಲ. "ಎಂಥ ಸಂಸ್ಕಾರವಂತರು ತಾಯಿ ನೀವು" ಎಂದು ಹೊಗಳಿದ. "ಬಾಯಿಬಿಟ್ಟು ಹೇಳುವುದೇ ಬೇಡ. ನಿಮ್ಮ ಆಧಾರ್ ಕಾರ್ಡಿನಲ್ಲಿ ಯಜಮಾನರ ಹೆಸರು ಇರುತ್ತದಲ್ಲ, ಅದರ ಫೋಟೋ ಎರಡೂ ಬದಿ ತೆಗೆದು ಕಳಿಸಿಬಿಡಿ. ನಾವೇ ಓದಿಕೊಳ್ಳುತ್ತೇವೆ" ಎಂದ. ಅವಳಿಗೆ ಅದು ದೇವರೇ ತೋರಿಸಿದ ದಾರಿಯಂತೆ ಕಂಡಿತು. ಹುಬ್ಬಳ್ಳಿಯಲ್ಲಿರುವ ಮಗಳಿಂದ ಫೋಟೋ ಕಳಿಸುವುದನ್ನು ಆಗಷ್ಟೇ ಕಲಿತಿದ್ದಳು. ಕಾರ್ಡನ್ನು ದೇವರ ಮುಂದಿನ ಮಣೆಯ ಮೇಲಿಟ್ಟು ಫೋಟೋ ತೆಗೆದಳು. ಸೇವೆಯ ರಸೀದಿಗೆ ಬೇಕು ಎಂದದ್ದಕ್ಕೆ, ಬ್ಯಾಂಕಿನಲ್ಲಿ ಠೇವಣಿ ಇಡುವಾಗ ಮಾಡಿಸಿದ್ದ ಪ್ಯಾನ್ ಕಾರ್ಡಿನ ಫೋಟೋವನ್ನೂ ಕಳಿಸಿದಳು. ಆಮೇಲೆ ಫೋನಿಗೆ ಬಂದ ಅಂಕಿಗಳನ್ನು ಅವನು ಕೇಳಿದಾಗಲೆಲ್ಲ ಓದಿ ಹೇಳಿದಳು. ಕೊನೆಗೆ ಅವನು ಒಂದು ಶ್ಲೋಕ ಹೇಳಿದನಂತೆ. ಇವಳು ಫೋನನ್ನು ಮಣೆಯ ಮೇಲಿಟ್ಟು ಕೈಮುಗಿದಳಂತೆ.

ಮಧ್ಯಾಹ್ನ ನಾನು ಮನೆಗೆ ಬಂದಾಗ ಅವಳ ಮುಖದಲ್ಲಿದ್ದ ಬೆಳಕು ಈಗಲೂ ಕಣ್ಣೆದುರಿಗಿದೆ. ಕೇಳಿ ನಾನೂ ಸಂತೋಷಪಟ್ಟೆ.

ಪ್ರಸಾದ ಬರಲಿಲ್ಲ. ಅಂಚೆಯವನು ಓಣಿಯಲ್ಲಿ ಹಾದುಹೋದಾಗಲೆಲ್ಲ ಅವಳು ಬಾಗಿಲಿಗೆ ಬಂದು ನಿಲ್ಲುತ್ತಿದ್ದಳು. ದಸರೆ ಕಳೆಯಿತು, ದೀಪಾವಳಿಯೂ ಕಳೆಯಿತು. ಹೊಲದಲ್ಲಿ ಹತ್ತಿ ಬಿಡಿಸುವ ಕಾಲಕ್ಕೆ ಪ್ರಸಾದದ ಬದಲು ಇನ್ನೊಂದು ಕರೆ ಬಂದಿತು. ನೀವು ಪಡೆದ ಸಾಲದ ಕಂತು ಕಟ್ಟಿಲ್ಲ, ಇಂದೇ ಕಟ್ಟಬೇಕು ಎಂದಿತು ಒಂದು ಗಡುಸು ದನಿ.

"ನಾವು ಯಾರ ಕಡಿಂದೂ ಸಾಲ ತಗೊಂಡಿಲ್ಲಪಾ. ಯಾರೋ ಬ್ಯಾರೆಯವರು ಇರಬೇಕು, ನೋಡು" ಎಂದಳು.

ಅವನು ಅವಳ ಹೆಸರನ್ನೂ, ನಮ್ಮ ಊರನ್ನೂ, ಓಣಿಯನ್ನೂ, ಕೊನೆಗೆ ಇಂಥವರ ಹೆಂಡತಿ ಎಂದು ನನ್ನ ಹೆಸರನ್ನೂ ಓದಿದ. ತಾನು ನೇರವಾಗಿ ಎಂದೂ ಉಚ್ಚರಿಸದ ಆ ಹೆಸರನ್ನು ಅಪರಿಚಿತನೊಬ್ಬ ಏಕವಚನದಲ್ಲಿ ಅಂದದ್ದು ಕೇಳಿ ಅವಳು ಫೋನನ್ನು ನನ್ನ ಕೈಗೆ ಕೊಟ್ಟು ಗೋಡೆ ಹಿಡಿದು ಕುಳಿತಳು.

ಮರುದಿನ ಇಬ್ಬರೂ ತಾಲೂಕಿನ ಬ್ಯಾಂಕಿಗೆ ಹೋದೆವು. ಅಲ್ಲಿಯ ಮ್ಯಾನೇಜರು ಕುಂದಗೋಳ ಕಡೆಯ ಹೆಣ್ಣುಮಗಳು; ನಮ್ಮ ಮಗಳ ವಯಸ್ಸು. ಶ್ರಾವಣದ ಕರೆಯಿಂದ ಹಿಡಿದು ಎಲ್ಲವನ್ನೂ ಕೇಳಿಸಿಕೊಂಡಳು. ಮೊದಲು ಇವಳಿಗೆ ನೀರು ತರಿಸಿದಳು.

"ಅಮ್ಮಾರ, ನಿಮ್ಮ ಖಾತೆದಾಗಿನ ರೊಕ್ಕ ಎಲ್ಲಾ ಬರೋಬ್ಬರಿ ಅದಾವ. ಅವ ಅದನ್ನ ಮುಟ್ಟಿಲ್ಲ. ನಿಮ್ಮ ಕಾರ್ಡು, ನಿಮ್ಮ ಹೆಸರು ಹಿಡಕೊಂಡು ಬ್ಯಾರೆ ಕಡೆ ನಿಮ್ಮ ಹೆಸರಿಲೆನ ಖಾತೆ ತಗದು, ಫೋನಿನ ಮ್ಯಾಲೆ ಸಾಲ ಕೊಡೋ ಒಂದು ಕಂಪನಿಯಿಂದ ಸಾಲ ಎತ್ಯಾನ. ಅವಗ ಬೇಕಾಗಿದ್ದು ನಿಮ್ಮ ರೊಕ್ಕ ಅಲ್ಲ, ನಿಮ್ಮ ಛಲೋ ಹೆಸರು."

"ನನ್ನ ಹೆಸರು ತಗೊಂಡು ಅವ ಏನ್ ಮಾಡ್ತಾನವಾ?"

"ನೀವು ಜನ್ಮದಾಗ ಯಾರದೂ ಬಾಕಿ ಇಟ್ಟಿಲ್ಲಲ್ರಿ. ಅಂಥಾ ಹೆಸರಿಗೆ ಕೇಳಿದ ಕೂಡ್ಲೆ ಸಾಲ ಸಿಗ್ತದ."

ಅವಳ ಬಾಳಿನ ಶುಚಿತ್ವವೇ ಕಳ್ಳನ ಬಂಡವಾಳವಾಗಿತ್ತು. ಸಾಲದ ಮೊತ್ತ ನಮ್ಮ ಹೊಲದ ಒಂದು ವರ್ಷದ ಹತ್ತಿಯಷ್ಟಿತ್ತು. ಯಾರು ಯಾರಲ್ಲಿ ಸಾಲ ಮಾಡಿದರು, ಹೇಗೆ ತೀರಿಸಿದರು ಎಂಬ ವೃತ್ತಾಂತವೆಲ್ಲ ಈಗ ದೇಶಕ್ಕೆಲ್ಲ ಒಂದೆಡೆ ಕೂಡಿರುತ್ತದೆಯೆಂದೂ, ಅಲ್ಲಿ ಇವಳ ಹೆಸರಿನ ಮುಂದೆ ಬಾಕಿದಾರಳೆಂದು ದಾಖಲಾಗಿದೆಯೆಂದೂ ಮ್ಯಾನೇಜರು ತಿಳಿಸಿದಳು. ವರ್ಷಕ್ಕೊಮ್ಮೆ ತಮ್ಮ ತಮ್ಮ ವೃತ್ತಾಂತವನ್ನು ಯಾರು ಬೇಕಾದರೂ ಪುಕ್ಕಟೆಯಾಗಿ ತೆಗೆಸಿ ನೋಡಬಹುದಂತೆ; ನಮ್ಮಂಥವರಿಗೆ ಅದು ಗೊತ್ತಿರಲಿಲ್ಲ. ಬೇರೆ ಯಾರೂ ಬಳಸದಂತೆ ಆಧಾರ್ ಕಾರ್ಡಿನ ಬೆರಳಚ್ಚಿಗೆ ಅಲ್ಲಿಯೇ ಬೀಗ ಹಾಕಿಸಿಕೊಟ್ಟಳು. ಇನ್ನು ಯಾರಾದರೂ ಕಾರ್ಡು ಕೇಳಿದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಪ್ರತಿಯನ್ನು ಕೊಡಿರೆಂದು ಅದನ್ನೂ ತೆಗೆದುಕೊಟ್ಟಳು. ಹೊರಡುವಾಗ ಇವಳ ಕೈಹಿಡಿದು ಹೇಳಿದಳು: "ಒಂದು ಪೈಸಾನೂ ಕಟ್ಟಬ್ಯಾಡ್ರಿ. ಕಟ್ಟಿದ್ರ ಸಾಲ ನಂದು ಅಂತ ಒಪ್ಪಿಕೊಂಡಂಗ ಆಗ್ತದ. ಪೊಲೀಸರಿಗೆ ತಕ್ರಾರು ಕೊಡ್ರಿ, ಕಂಪನಿಗೂ ಬರೀರಿ. ಹೆಸರು ಸ್ವಚ್ಛ ಆಗೂತನಕಾ ಬಿಡಬ್ಯಾಡ್ರಿ."

ಹಿಂತಿರುಗುವಾಗ ಬಸ್ಸಿನಲ್ಲಿ ಇವಳು ಕಿಟಕಿಯ ಕಡೆಗೇ ಮುಖ ಮಾಡಿ ಕುಳಿತಿದ್ದಳು. ಮನೆಗೆ ಬಂದವಳೇ ಕೈಯ ಪಾಟಲಿಗಳನ್ನು ಬಿಚ್ಚಿ ನನ್ನ ಮುಂದಿಟ್ಟಳು. ತವರಿನಿಂದ ಬಂದ ಚಿನ್ನದ ಬಳೆಗಳು ಅವು.

"ಇವನ್ನ ಮಾರಿ ಕಟ್ಟಿಬಿಡ್ರಿ."

"ಆಕಿ ಇಷ್ಟ ಹೇಳಿದ್ಲು, ನೀ ಕೇಳಲಿಲ್ಲೇನು? ಕಟ್ಟಿದ್ರ ಸಾಲ ನಿಂದs ಆಗ್ತದ."

"ಹೆಸರು ನಂದೇ ಅದಲ್ರಿ. ನಾಳೆ ನಾ ಕಣ್ಣು ಮುಚ್ಚಿದ್ರ ಇಂಥಾಕಿ ಸಾಲ ಇಟ್ಟು ಹೋದ್ಲು ಅಂತಾರ. ಇದನ್ನ ಹೊತಗೊಂಡು ನಾ ಎಲ್ಲಿಗಂತ ಹೋಗ್ಲಿ?"

ಈ ಮಾತಿನ ಭಾರ ಪೇಟೆಯ ಜನರಿಗೆ ಎಷ್ಟು ತಿಳಿದೀತೋ ನಾನರಿಯೆ. ಮನುಷ್ಯ ಹುಟ್ಟುವಾಗಲೇ ದೇವತೆಗಳ, ಋಷಿಗಳ, ಪಿತೃಗಳ ಋಣವನ್ನು ಹೊತ್ತು ಬರುತ್ತಾನೆಂದು ನಾವು ನಂಬಿದವರು. ಪೂಜೆಯಿಂದ, ಅಧ್ಯಯನದಿಂದ, ಸಂತಾನದಿಂದ ಅದನ್ನು ತೀರಿಸುತ್ತ ಬಾಳುವುದೇ ಗೃಹಸ್ಥನ ಬದುಕು. ಅದರ ಮೇಲೆ ಮನುಷ್ಯರ ಋಣವನ್ನೂ ಉಳಿಸಿಕೊಂಡು ಹೋದರೆ ಅದನ್ನು ತೀರಿಸಲೆಂದೇ ಇನ್ನೊಂದು ಜನ್ಮ ಎತ್ತಬೇಕು. ಇವಳು ಬಾಜೂ ಮನೆಯಿಂದ ತಂದ ಬಟ್ಟಲು ಹೆಪ್ಪನ್ನೂ ಮರುದಿನ ಮೊಸರಾಗಿ ಹಿಂದಿರುಗಿಸಿದವಳು. ಕಾಶಿಗೆ ಹೋಗುವ ಆಸೆಯನ್ನೂ ನನ್ನೆದುರು ತೋಡಿಕೊಂಡವಳಲ್ಲ. ಯಾರ ಬಾಕಿಯೂ ಇಲ್ಲದೆ ಹೋಗಬೇಕು ಎಂಬುದೊಂದೇ ಅವಳ ಬೇಡಿಕೆ.

ನಾನು ನನಗೆ ತಿಳಿದ ಶಾಸ್ತ್ರವನ್ನು ಮುಂದಿಟ್ಟೆ. "ದಾನ ಕೊಡುವಾಗ ಕೈಮ್ಯಾಲೆ ನೀರು ಯಾಕ ಬಿಡ್ತೀವಿ? ಕೊಡಾವನ ಮನಸ್ಸು ಬಿಡಬೇಕು, ತಗೊಳ್ಳಾವನ ಮನಸ್ಸು ಹಿಡೀಬೇಕು. ಎರಡೂ ಆದ್ರನ ಅದು ಕೊಟ್ಟು ತಗೊಂಡಂಗ. ನಿನ್ನ ಕೈಯಾಗ ನೀರೇ ಬಿದ್ದಿಲ್ಲ. ಸಂಕಲ್ಪ ಇಲ್ಲದ್ದು ಋಣ ಹೆಂಗಾಗ್ತದ?"

"ಸಂಕಲ್ಪ ಮಾಡೇ ಅಲ್ಲೇನ್ರಿ ಅವಗ ಎಲ್ಲಾ ಹೇಳಿದ್ದು?" ಎಂದು ಕಣ್ಣೊರೆಸಿಕೊಂಡಳು.

ಅಷ್ಟರಲ್ಲಿ ಬಾಜೂ ಮನೆಯಾಕೆ ಹಿತ್ತಲಿನಿಂದ ಒಳಗೆ ಬಂದಳು. ಕುರಿ ಸಾಕುವ ಮನೆತನದ ಹೆಣ್ಣುಮಗಳು. ಇವಳಿಗೂ ಆಕೆಗೂ ಬಹಳ ಕಾಲದ ಗೆಳೆತನ. ಬಳೆಗಳು ನೆಲದ ಮೇಲಿರುವುದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟು ನಿಂತಳು. ನಾನು ನಡೆದದ್ದನ್ನು ಹೇಳಿದೆ.

"ಅಯ್ಯ ಯಕ್ಕಾ, ನಿನಗೇನರ ತಲಿ ಕೆಟ್ಟೈತೇನು? ನನ್ನ ಗಂಡನ ಕಂಬಳಿ ಹೊತಗೊಂಡು ಯಾರರ ಕುರಿ ಕದ್ರ, ನನ್ನ ಗಂಡನ್ನ ಜೇಲಿಗೆ ಹಾಕ್ತಾರೇನು?"

"ಕಂಬಳಿ ನೋಡಿದವ್ರು ನಿನ್ನ ಗಂಡನ್ನs ಹುಡಿಕ್ಕೊಂಡು ಬರ್ತಾರಲ್ಲವಾ."

"ಬರ್ಲಿ ಬಿಡಬೇ. ಬಂದವ್ರಿಗೆ ನನ್ನ ಗಂಡನ ಮಾರಿ ತೋರಸ್ತೇನಿ. ಇಂಥಾ ಮಳ್ಳ ಮಾರಿಯಾಂವ ಕುರಿ ಕದಿತಾನೇನ್ರೋ ಅಂತ ಕೇಳ್ತೇನಿ. ಅವ ಕದ್ದ ಕುರಿಗೆ ನಾ ಬದಲಿ ಕುರಿ ಕೊಡಂಗಿಲ್ಲ. ಅಜ್ಜಾರ, ಮದ್ಲ ಆ ಬಳಿ ಆಕಿ ಕೈಗೆ ಹಾಕ್ರಿ. ಬರೇಗೈಲೆ ನೋಡಾಕ ಛಂದ ಕಾಣಂಗಿಲ್ಲ."

ಇವಳು ಅಳುತ್ತಲೇ ನಕ್ಕಳು. ಬಳೆಗಳನ್ನು ಮಾತ್ರ ಹಾಕಿಕೊಳ್ಳಲಿಲ್ಲ. ಒಯ್ದು ದೇವರ ಪೆಟ್ಟಿಗೆಯಲ್ಲಿಟ್ಟಳು. ಕಂಪನಿಯವರು ಸಾಲ ಅವಳದಲ್ಲವೆಂದು ಒಪ್ಪದಿದ್ದರೆ ಕಟ್ಟಿಯೇ ತೀರುವೆನೆಂದು ನನ್ನಿಂದ ಮಾತು ತೆಗೆದುಕೊಂಡಳು. ನಾನು ಕೊಟ್ಟೆ. ಬೇರೆ ದಾರಿ ತೋಚಲಿಲ್ಲ.

ಪೊಲೀಸರ ಸೈಬರ್ ಠಾಣೆಗೆ ಹೋಗಿ ತಕರಾರು ಕೊಟ್ಟೆವು. ಆ ಮೆಟ್ಟಿಲನ್ನು ಹತ್ತುವಾಗ ಅವಳು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿದ್ದಳು. ಅಲ್ಲಿಯ ಅಧಿಕಾರಿ ಬಹಳ ಸೌಜನ್ಯದಿಂದ ಬರೆದುಕೊಂಡು, "ಅಮ್ಮಾರ, ತಲಿ ಎತ್ತಿ ಕುಂದರ್ರಿ. ಕಳಕೊಂಡವರು ನೀವು" ಎಂದರು. ಕಂಪನಿಗೆ ಬೇಕಾದ ಪತ್ರವನ್ನು ಬ್ಯಾಂಕಿನ ಹೆಣ್ಣುಮಗಳೇ ಬರೆಸಿ ಕಳಿಸಿದಳು. ಆ ದಿನಗಳಲ್ಲಿ ಕಂತಿನ ಕರೆ ಬಂದಾಗಲೆಲ್ಲ ಇವಳು ಊಟದ ತಟ್ಟೆಯಿಂದ ಎದ್ದುಬಿಡುತ್ತಿದ್ದಳು. ಊರ ಹೆಣ್ಣುಮಕ್ಕಳು ಕುಂಕುಮಕ್ಕೆ ಕರೆದರೆ ಏನಾದರೊಂದು ನೆಪ ಹೇಳುತ್ತಿದ್ದಳು. ಬಾಕಿಯವಳೆಂಬ ಹೆಸರು ಹೊತ್ತು ಮತ್ತೊಬ್ಬರ ಹೊಸ್ತಿಲು ದಾಟಲು ಅವಳ ಕಾಲು ಏಳುತ್ತಿರಲಿಲ್ಲ.

ನಾನು ಅವಳಿಗೆ ಫೋನಿನಲ್ಲಿ ಬರುವ ಅಂಕಿಗಳ ವಿಷಯ ತಿಳಿಸಿಕೊಟ್ಟದ್ದೂ ಆಗಲೇ. ಗುರುಗಳು ಕಿವಿಯಲ್ಲಿ ಉಪದೇಶಿಸಿದ ಮಂತ್ರವನ್ನು ನಾನು ಈವರೆಗೆ ಅವಳಿಗೂ ಹೇಳಿಲ್ಲ. ಆ ಅಂಕಿಯೂ ಹಾಗೆಯೇ, ಕೇಳುವವನು ಯಾರೇ ಆಗಿರಲಿ ಅದು ಬಾಯಿಂದ ಹೊರಗೆ ಬರಕೂಡದು ಎಂದೆ.

"ನೀವು ಕೇಳಿದ್ರೂ ಹೇಳಬಾರದೇನ್ರಿ?"

"ನನಗೂ ಹೇಳಬ್ಯಾಡ."

"ಮತ್ತ ದೇವರು ಕೇಳಿದ್ರ?"

"ದೇವರಿಗೆ ನಮ್ಮ ಕಾರ್ಡು ಬೇಕಾಗಿಲ್ಲ. ನಾವು ಹುಟ್ಟೋಕಿಂತ ಮೊದಲs ಅವಗ ನಮ್ಮ ಗುರುತು ಅದ. ಕಾರ್ಡು ಕೇಳಾವ ದೇವರ ಕಡಿಯಾಂವ ಅಲ್ಲ."

ಅವಳು, "ಇದನ್ನ ಪುರಾಣದಾಗ ಹೇಳ್ರಿ. ಹೆಣ್ಣುಮಕ್ಕಳಿಗೆ ಉಪಯೋಗ ಆಗ್ತದ" ಎಂದಳು. ಮುಂದಿನ ಏಕಾದಶಿಯ ಪುರಾಣದಲ್ಲಿ ಹೇಳಿದೆ.

ಕಡೆಗೊಂದು ಮಧ್ಯಾಹ್ನ ಕಂಪನಿಯಿಂದ ತಕರಾರಿನ ವಿಚಾರಣೆಯ ಕರೆ ಬಂದಿತು. ಅದು ಬರುವ ದಿನವನ್ನೂ ಹೊತ್ತನ್ನೂ ಬ್ಯಾಂಕಿನ ಹೆಣ್ಣುಮಗಳು ಮೊದಲೇ ವಿಚಾರಿಸಿ ತಿಳಿಸಿದ್ದರಿಂದ ಧೈರ್ಯವಾಗಿ ಎತ್ತಿಕೊಂಡೆವು. ಅತ್ತ ಕಡೆ ಒಬ್ಬ ತರುಣಿ. ಮಾತು ಧ್ವನಿಮುದ್ರಣವಾಗುತ್ತದೆ, ತಕರಾರು ಕೊಟ್ಟವರೇ ಉತ್ತರಿಸಬೇಕು, ಉತ್ತರ ಪೂರ್ತಿಯಾಗದಿದ್ದರೆ ತಕರಾರು ಅಲ್ಲಿಗೇ ಮುಗಿಯುತ್ತದೆ ಎಂದು ಮೊದಲೇ ತಿಳಿಸಿದಳು. ಅಂಕಿ, ಕಾರ್ಡು ಏನನ್ನೂ ಕೇಳಲಿಲ್ಲ. ಸಾಲ ಪಡೆದಿಲ್ಲವೆಂಬುದನ್ನೂ ಶ್ರಾವಣದ ಕರೆಯ ವೃತ್ತಾಂತವನ್ನೂ ಇವಳು ಸಾವಕಾಶವಾಗಿ ಹೇಳಿದಳು. ನಾನು ಪಕ್ಕದಲ್ಲಿ ಕುಳಿತು ಮನಸ್ಸಿನಲ್ಲಿಯೇ ಜಪ ಮಾಡುತ್ತಿದ್ದೆ.

"ಕೊನೆಯದಾಗಿ, ಮೇಡಂ, ನೀವೇ ಎಂದು ಖಾತ್ರಿಪಡಿಸಿಕೊಳ್ಳಬೇಕು. ನಿಮ್ಮ ಗಂಡನ ಪೂರ್ತಿ ಹೆಸರು ಹೇಳಿ."

ಇವಳು ನನ್ನ ಕಡೆಗೆ ತಿರುಗಿದಳು. ನಾನು ಮುಂದೆ ಬಾಗಿ, "ತಂಗೀ, ನಾನೇ ಆಕಿಯ ಯಜಮಾನ. ನಮ್ಮಲ್ಲಿ ಹೆಸರು ಹೇಳೂ ಪದ್ಧತಿ ಇಲ್ಲ. ನಾ ಹೇಳ್ತೀನಿ, ಬರಕೋ" ಎಂದೆ.

"ಕ್ಷಮಿಸಿ ಸರ್, ನೀವು ಹೇಳುವ ಹಾಗಿಲ್ಲ. ಅವರೇ ಹೇಳಬೇಕು."

ನಾನು ಕೈಸನ್ನೆ ಮಾಡಿದೆ, ಹೇಳು, ಏನೂ ಆಗುವುದಿಲ್ಲ ಎಂದು. ಅವಳು ಆಗದೆಂದು ತಲೆಯಾಡಿಸಿದಳು. ಕಣ್ಣಲ್ಲಿ ನೀರು ತುಂಬಿತ್ತು. ಒಂದು ಕಡೆ ಜನ್ಮಾಂತರಕ್ಕೂ ಅಂಟುವ ಋಣ, ಇನ್ನೊಂದು ಕಡೆ ನನ್ನ ಆಯುಷ್ಯ. ಅವಳ ಪಾಲಿಗೆ ಎರಡೂ ನಿಜವಾಗಿದ್ದವು. ತರುಣಿ "ಮೇಡಂ? ಇದ್ದೀರಾ?" ಎಂದಳು. ಇವಳು ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮದುವೆಯ ಹೆಣ್ಣಿನ ದನಿಯಲ್ಲಿ ಹೇಳಿದಳು:

"ಬಿಳಿಜ್ವಾಳದ ರೊಟ್ಟಿಗೆ ಬೆಣ್ಣಿಯ ಮುದ್ದಿ, —ರಾಯರು ಕಲಿಸ್ಯಾರ ನನಗ ನಾಕಕ್ಷರದ ಬುದ್ಧಿ."

ಗೆರೆಯೆಳೆದ ಜಾಗದಲ್ಲಿ ನನ್ನ ಹೆಸರಿತ್ತು. ಇದಕ್ಕೆ ನಮ್ಮಲ್ಲಿ ಒಡಪು ಎನ್ನುತ್ತೇವೆ. ಮದುವೆಯಾದ ಹೆಣ್ಣು ಗಂಡನ ಮನೆಯ ಹೊಸ್ತಿಲಲ್ಲಿ ನಿಂತಾಗ ಎಲ್ಲರೂ ಅಡ್ಡಗಟ್ಟಿ ಗಂಡನ ಹೆಸರು ಕೇಳುತ್ತಾರೆ. ಆಗ ಹೀಗೆ ಪ್ರಾಸದ ಹಾಡಿನೊಳಗೆ ಹೆಸರನ್ನು ಹುದುಗಿಸಿ ಹೇಳಿದರೆ ದೋಷವಿಲ್ಲ. ಹಾಡಿನ ಮಡಿಲಿನಲ್ಲಿ ಹೋದ ಹೆಸರಿಗೆ ದೃಷ್ಟಿ ತಾಗುವುದಿಲ್ಲವೆಂದು ನಂಬಿಕೆ.

ಅತ್ತ ಕಡೆಯಿಂದ ತರುಣಿ, "ಮೇಡಂ, ಧ್ವನಿ ಸ್ವಲ್ಪ ಕಡಿದು ಬಂತು. ಇನ್ನೊಮ್ಮೆ ಹೇಳ್ತೀರಾ?" ಎಂದಳು.

ಹೇಳಿದ ಒಡಪನ್ನೇ ಮತ್ತೆ ಹೇಳುವುದು ಹೆಣ್ಣುಮಕ್ಕಳಲ್ಲಿ ಸೋಲಿನ ಗುರುತು. ಇವಳು ಸೆರಗಿನಿಂದ ಕಣ್ಣೊರೆಸಿಕೊಂಡು ಸ್ವಲ್ಪ ಯೋಚಿಸಿದಳು.

"ತುಳಸಿಯ ಕಟ್ಟಿಗೆ ಹಚ್ಚೀನಿ ತುಪ್ಪದ ದೀಪ, —ರಾಯರ ಮನಸಿನ್ಯಾಗ ನಿಲ್ಲಂಗಿಲ್ಲ ಕೋಪ."

ಇದು ಪೂರ್ತಿ ಸತ್ಯವಲ್ಲವೆಂದು ನನಗೂ ಗೊತ್ತು, ಅವಳಿಗೂ ಗೊತ್ತು. ತರುಣಿ ಈ ಸಲ ನಕ್ಕುಬಿಟ್ಟಳು. ಕಚೇರಿಯ ಮಾತು ಕಳಚಿ ಬೀಳಲು ಅವಳೊಳಗಿನಿಂದ ನಮ್ಮ ಕಡೆಯ ಹುಡುಗಿಯೇ ಹೊರಬಂದಳು. "ಬಂತ್ರಿ ಅಜ್ಜಿ, ಛಂದ ಬಂತು. ನಮ್ಮ ಆಯಿನೂ ಹಿಂಗs ಹೇಳ್ತಿದ್ಲು. ಕಾಳಜಿ ಮಾಡಬ್ಯಾಡ್ರಿ" ಎಂದು ಕರೆ ಮುಗಿಸಿದಳು.

ನನ್ನ ಹೆಸರು ನಾಚಿಕೆಯಿಂದ ನನ್ನೆದುರೇ ನಿಂತಂತಿತ್ತು. ಇಷ್ಟು ವರ್ಷ ಎಷ್ಟೋ ಸಭೆಗಳಲ್ಲಿ, ಎಷ್ಟೋ ಪತ್ರಿಕೆಗಳಲ್ಲಿ ಅದು ಬಂದಿದೆ; ಅಷ್ಟು ಮಧುರವಾಗಿ ಎಲ್ಲಿಯೂ ಕೇಳಿಸಿರಲಿಲ್ಲ.

ಜೋಳದ ತೆನೆ ಹಾಲುಗಟ್ಟುವ ವೇಳೆಗೆ ಬ್ಯಾಂಕಿನ ಹೆಣ್ಣುಮಗಳು ಫೋನು ಮಾಡಿ, ಆ ಸಾಲ ಇವಳದಲ್ಲವೆಂದು ಕಂಪನಿ ಒಪ್ಪಿಕೊಂಡಿದೆ, ಹೆಸರಿನ ಮುಂದಿನ ಬಾಕಿಯನ್ನು ಅಳಿಸಿದ್ದಾರೆ, ತಾನೇ ಕಣ್ಣಾರೆ ನೋಡಿದೆ ಎಂದಳು. ನಾನು ಅಡಿಗೆಮನೆಗೆ ಹೋಗಿ ಹೇಳಿದೆ. ಇವಳು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿದಳು. ಹಿಟ್ಟಿನ ಕೈಯನ್ನು ಹಾಗೆಯೇ ಜೋಡಿಸಿ ದೇವರ ಕೋಣೆಯ ಕಡೆಗೆ ತಿರುಗಿದಳು. ಸಂತೋಷದ ಮಾತನ್ನು ನಿರೀಕ್ಷಿಸಿ ನಿಂತಿದ್ದೆ.

"ಹಂಗಾರ ಆ ಸಾಲ ಈಗ ಯಾರ ಹೆಸರಿಗೆ ಹೋತ್ರಿ?"

"ಯಾರ ಹೆಸರಿಗೂ ಇಲ್ಲ. ಕಂಪನಿಯವರು ತಮ್ಮ ನಷ್ಟದಾಗ ಹಾಕ್ಕೊಂತಾರಂತ."

"ಅದು ಅವರ ಲೆಕ್ಕ. ತಿಂದಾವ ಒಬ್ಬ ಅದಾನಲ್ರಿ."

"ಅದಾನ. ಪೊಲೀಸರು ಹುಡುಕ್ಲಿಕ್ಕೆ ಹತ್ಯಾರ."

ಅವಳು ತವೆಯ ಮೇಲಿನ ರೊಟ್ಟಿಯನ್ನು ಮಗುಚಿ, ಒದ್ದೆ ಬಟ್ಟೆಯಿಂದ ಅದರ ಮೈಯನ್ನೊತ್ತಿದಳು. ಬೆಂಕಿಯ ಬೆಳಕು ಮುಖದ ಮೇಲೆ ಆಡುತ್ತಿತ್ತು. "ಹುಡಿಕಿದ್ರೂ ಬಿಟ್ರೂ ಅದು ಅವನ್ನ ಬಿಡಂಗಿಲ್ಲ. ಎಷ್ಟು ಮಂದಿ ಹೆಸರಿಲೆ ಎಷ್ಟು ತಗೊಂಡಾನೋ ಏನೋ. ಎಷ್ಟು ಜನ್ಮ ಎತ್ತಿ ತೀರಸ್ತಾನ್ರಿ, ಪಾಪ" ಎಂದಳು.

ಅವಳನ್ನು ಅಷ್ಟು ತಿಂಗಳು ಊಟದಿಂದ ಎಬ್ಬಿಸಿದವನ ಮೇಲೆ ನನಗಿದ್ದ ಸಿಟ್ಟು ಅಂದಿಗೂ ಆರಿರಲಿಲ್ಲ, ಇಂದಿಗೂ ಆರಿಲ್ಲ. ಆದರೆ ಆ 'ಪಾಪ' ಎಂಬ ಮಾತಿನ ಮುಂದೆ ಅದನ್ನು ಆಡಿ ತೋರಿಸಲು ಮನಸ್ಸಾಗಲಿಲ್ಲ. ಅವಳು ರೊಟ್ಟಿಯನ್ನು ಬುಟ್ಟಿಗೆ ಹಾಕಿ, ಎರಡು ತಟ್ಟೆಗಳನ್ನು ಇಟ್ಟು, ಬಹಳ ದಿನಗಳ ಮೇಲೆ ನನ್ನೆದುರು ತಾನೂ ಕುಳಿತಳು. ಫೋನು ಒಳಗೆಲ್ಲೋ ಸದ್ದು ಮಾಡಿತು. ಅವಳು ಏಳಲಿಲ್ಲ.